ಕಾಣದ ಮೀನಿಗೆ ನೀರೇ ಸಾಕ್ಷಿ

1900ರ ಜನವರಿ 2ರ ಬೆಳಗ್ಗೆ ಅಮೆರಿಕದ ಚಿಕಾಗೋ ನಗರದಲ್ಲಿ ಕೆಲವೇ ಅಧಿಕಾರಿಗಳು ಹೊಸ ಕಾಲುವೆಯೊಂದರ ದಂಡೆಯಲ್ಲಿ ಸೇರಿದರು. ಸಾವಿರಾರು ಕಾರ್ಮಿಕರು ಏಳು ವರ್ಷಕ್ಕೂ ಮಿಕ್ಕಿ ಬಂಡೆ ಸಿಡಿಸಿ, ಮಣ್ಣು ಹೊತ್ತು ನಿರ್ಮಿಸಿದ ಕಾಲುವೆ ಅದು. ಅಂಥ ಕಾಮಗಾರಿಯ ಉದ್ಘಾಟನೆಗೆ ಬ್ಯಾಂಡು, ಭಾಷಣ, ಮೆರವಣಿಗೆ ಇರಬೇಕಿತ್ತು. ಅವೇನೂ ಇರಲಿಲ್ಲ. ನೀರನ್ನು ತಡೆದಿದ್ದ ಮಣ್ಣಿನ ಒಡ್ಡನ್ನು ಅವಸರ ಅವಸರವಾಗಿ ಕಡಿದು ನೀರು ಬಿಟ್ಟರು. ಈ ಆತುರಕ್ಕೆ ಕಾರಣವಿತ್ತು. ಕಾಲುವೆ ತೆರೆಯದಂತೆ ನ್ಯಾಯಾಲಯದಿಂದ ತಡೆಯಾಜ್ಞೆ ತರಲು ಕೆಳಗಿನ ಮಿಸೌರಿ ರಾಜ್ಯ ಸಿದ್ಧವಾಗುತ್ತಿತ್ತು. ಆಜ್ಞೆ ಬರುವ ಮೊದಲೇ ನೀರು ಹರಿದುಬಿಟ್ಟರೆ ಮುಂದಿನದನ್ನು ಮುಂದೆ ನೋಡಿಕೊಳ್ಳಬಹುದು ಎಂಬುದು ಅಧಿಕಾರಿಗಳ ಲೆಕ್ಕಾಚಾರವಾಗಿತ್ತು.

ಅಂದು ಹರಿದ ನೀರು ಎರಡು ಬಾರಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ವಿಚಿತ್ರವಾದ ಒಂದೇ ಪ್ರಶ್ನೆಯನ್ನು ತಂದು ನಿಲ್ಲಿಸಿತು. ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ, ಬಲೆಗೆ ಬೀಳದ ವಸ್ತುವೊಂದು ನೀರಿನಲ್ಲಿದೆ ಎಂದು ಪ್ರಯೋಗಾಲಯ ಹೇಳಿದರೆ ಅದನ್ನು ಸಾಕ್ಷಿ ಎಂದು ಒಪ್ಪಬೇಕೇ? ಮೊದಲ ಬಾರಿ ಆ ವಸ್ತು ರೋಗಾಣುವಾಗಿತ್ತು. ಶತಮಾನದ ನಂತರ ಅದು ಮೀನಾಗಿತ್ತು. ಇನ್ನೂ ಸರಿಯಾಗಿ ಹೇಳುವುದಾದರೆ, ಮೀನು ನೀರಿನಲ್ಲಿ ಬಿಟ್ಟುಹೋದ ಡಿಎನ್ಎಯ ತುಣುಕಾಗಿತ್ತು.

ಹಿಂದಕ್ಕೆ ಹರಿದ ಹೊಳೆ

ಚಿಕಾಗೋ ನಗರವು ಮಿಶಿಗನ್ ಸರೋವರದ ದಡದಲ್ಲಿದೆ. ಸರೋವರವೆಂದರೆ ನಮ್ಮ ಊರಿನ ಕೆರೆಯ ಕಲ್ಪನೆ ಸಾಲದು. ಅಲ್ಲಿನ ಐದು ಮಹಾ ಸರೋವರಗಳಲ್ಲಿ ಅದೂ ಒಂದು. ಜಗತ್ತಿನ ನೆಲದ ಮೇಲಿರುವ ದ್ರವರೂಪದ ಸಿಹಿನೀರಿನಲ್ಲಿ ಸುಮಾರು ಐದನೇ ಒಂದು ಪಾಲು ಈ ಐದು ಸರೋವರಗಳಲ್ಲಿದೆ. ಇವುಗಳ ನೀರು ಪೂರ್ವಕ್ಕೆ ಹರಿದು ಅಟ್ಲಾಂಟಿಕ್ ಸಾಗರ ಸೇರುತ್ತದೆ. ಆದರೆ ಚಿಕಾಗೋದಿಂದ ಪಶ್ಚಿಮಕ್ಕೆ ಕೆಲವೇ ಮೈಲು ಹೋದರೆ ಅಲ್ಲಿನ ಮಳೆನೀರು ಇಲಿನಾಯ್ ನದಿಯ ಮೂಲಕ ಮಿಸಿಸಿಪ್ಪಿ ಸೇರಿ, ದಕ್ಷಿಣದ ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಖಂಡದ ಎರಡು ದೊಡ್ಡ ಜಲರಾಶಿಗಳ ನಡುವೆ ಇದ್ದದ್ದು ತಗ್ಗಾದ, ಜವುಗು ತುಂಬಿದ ಒಂದು ಏರು ಮಾತ್ರ. 1673ರಲ್ಲಿ ಆ ದಾರಿಯಾಗಿ ಬಂದ ಫ್ರೆಂಚ್ ಪ್ರವಾಸಿ ಲೂಯಿ ಜೋಲಿಯೇ, ಇಲ್ಲಿ ಚಿಕ್ಕದೊಂದು ಕಾಲುವೆ ತೋಡಿದರೆ ದೋಣಿಗಳು ನೇರವಾಗಿ ಹೋಗಬಹುದೆಂದು ಆಗಲೇ ಸೂಚಿಸಿದ್ದ. 1848ರಲ್ಲಿ ಹಡಗು ವ್ಯಾಪಾರಕ್ಕಾಗಿ ಮೊದಲ ಕಾಲುವೆ ಬಂತು.

ಎರಡನೆಯ ಕಾಲುವೆ ಬಂದದ್ದು ಮುಖ್ಯವಾಗಿ ಕೊಳಚೆಯಿಂದ ಪಾರಾಗಲು. 1830ರ ದಶಕದಲ್ಲಿ ಪುಟ್ಟ ಹಳ್ಳಿಯಂತಿದ್ದ ಚಿಕಾಗೋದಲ್ಲಿ 1900ರ ಹೊತ್ತಿಗೆ ಸುಮಾರು 17 ಲಕ್ಷ ಜನರಿದ್ದರು. ಮನೆಗಳ ಮಲಿನ ನೀರು, ಕಸಾಯಿಖಾನೆಗಳ ರಕ್ತ, ಕಾರ್ಖಾನೆಗಳ ಹೊಲಸು ಎಲ್ಲವೂ ಚಿಕಾಗೋ ಹೊಳೆಗೆ ಬೀಳುತ್ತಿತ್ತು. ಹೊಳೆ ಸರೋವರಕ್ಕೆ ಹರಿಯುತ್ತಿತ್ತು. ಜನ ಕುಡಿಯುತ್ತಿದ್ದದ್ದು ಅದೇ ಸರೋವರದ ನೀರನ್ನು. ಫಲಿತಾಂಶವನ್ನು ಊಹಿಸುವುದು ಕಷ್ಟವಲ್ಲ. 1891ರ ಒಂದೇ ವರ್ಷದಲ್ಲಿ ಟೈಫಾಯಿಡ್ ಜ್ವರದಿಂದ ಸುಮಾರು 2,000 ಜನರು ಸತ್ತರು.

ಇಲ್ಲಿ ಒಂದು ತಿದ್ದುಪಡಿ ಅಗತ್ಯ. 1885ರಲ್ಲಿ ಭಾರೀ ಮಳೆ ಸುರಿದು ಕೊಳಚೆಯೆಲ್ಲ ಸರೋವರಕ್ಕೆ ನುಗ್ಗಿತು, ಕಾಲರಾ ಹಬ್ಬಿ 90,000 ಜನ ಸತ್ತರು, ಅದಕ್ಕಾಗಿಯೇ ಕಾಲುವೆ ತೋಡಿದರು ಎಂಬ ಕಥೆ ಬಹಳ ಕಾಲ ಪುಸ್ತಕಗಳಲ್ಲೂ ಪತ್ರಿಕೆಗಳಲ್ಲೂ ಓಡಾಡಿತು. ಮಳೆ ಸುರಿದದ್ದು ನಿಜ. ಆದರೆ ಆ ವರ್ಷ ಅಂಥ ಸಾಂಕ್ರಾಮಿಕ ಬಂದಿರಲೇ ಇಲ್ಲ ಎಂಬುದನ್ನು ಇತಿಹಾಸಕಾರರು ಮರಣ ದಾಖಲೆಗಳನ್ನು ತೆರೆದು ತೋರಿಸಿದ್ದಾರೆ. ನಿಜವಾದ ಸಾವುಗಳು ವರ್ಷವರ್ಷವೂ ಸದ್ದಿಲ್ಲದೆ ಬಡವರ ಕೇರಿಗಳಲ್ಲಿ ಸಂಭವಿಸುತ್ತಿದ್ದವು. ಅಂಥ ಸಾವು ಕಥೆಯಾಗುವುದಿಲ್ಲ. ಹಾಗಾಗಿ ಜನ ಕಥೆಯೊಂದನ್ನು ಕಟ್ಟಿಕೊಂಡರು.

1889ರಲ್ಲಿ ನೈರ್ಮಲ್ಯಕ್ಕಾಗಿಯೇ ಪ್ರತ್ಯೇಕ ಆಡಳಿತ ಮಂಡಳಿಯೊಂದು ರಚನೆಯಾಯಿತು. 1892ರಲ್ಲಿ ಕೆಲಸ ಆರಂಭವಾಯಿತು. 28 ಮೈಲು, ಅಂದರೆ ಸುಮಾರು 45 ಕಿಲೋಮೀಟರ್ ಉದ್ದದ ಕಾಲುವೆ ತೋಡಿ, ಹೊಳೆಯ ದಿಕ್ಕನ್ನೇ ತಿರುಗಿಸಲಾಯಿತು. ಸರೋವರಕ್ಕೆ ಹರಿಯುತ್ತಿದ್ದ ಹೊಳೆ ಈಗ ಸರೋವರದ ನೀರನ್ನೇ ಸೆಳೆದುಕೊಂಡು ನಗರದ ಕೊಳಚೆಯ ಸಮೇತ ಮಿಸಿಸಿಪ್ಪಿಯ ಕಡೆಗೆ ಹೊರಟಿತು. ಎಂಜಿನಿಯರುಗಳು ಇದನ್ನು ದೊಡ್ಡ ಸಾಧನೆಯೆಂದು ಹೊಗಳಿದರು. ಚಿಕಾಗೋದ ಮಕ್ಕಳು ಬದುಕಿದರು ಎಂಬುದೂ ಸುಳ್ಳಲ್ಲ. ಆದರೆ ಕೆಳಗಿನ ಊರುಗಳ ಜನ ಏನು ಮಾಡಬೇಕು?

107 ಪೀಪಾಯಿಗಳ ಪ್ರಯೋಗ

ಮಿಸಿಸಿಪ್ಪಿಯ ದಡದ ಸೇಂಟ್ ಲೂಯಿಸ್ ನಗರವು ಕುಡಿಯುವ ನೀರಿಗೆ ಆ ನದಿಯನ್ನೇ ನಂಬಿತ್ತು. ಚಿಕಾಗೋದ ಹೊಲಸು ನಮ್ಮ ಲೋಟಕ್ಕೆ ಬರುತ್ತಿದೆ ಎಂದು ಮಿಸೌರಿ ರಾಜ್ಯ ಇಲಿನಾಯ್ ರಾಜ್ಯದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಕಾಲುವೆಯಿಂದ ಸೇಂಟ್ ಲೂಯಿಸ್‌ಗೆ 357 ಮೈಲು ದೂರ. ಅಷ್ಟು ದೂರ, ಅಷ್ಟು ದಿನ ಟೈಫಾಯಿಡ್ ರೋಗಾಣು ನೀರಿನಲ್ಲಿ ಬದುಕಿ ಬರಬಲ್ಲದೇ ಎಂಬುದೇ ಮೊಕದ್ದಮೆಯ ತಿರುಳಾಯಿತು.

ಇದನ್ನು ಪರೀಕ್ಷಿಸಲು ಒಂದು ಅಪೂರ್ವ ಪ್ರಯೋಗ ನಡೆಯಿತು. ಆ ಕಾಲದಲ್ಲಿ ನಿರಪಾಯಕಾರಿ ಎಂದು ಭಾವಿಸಲಾಗಿದ್ದ, ಕೆಂಪು ಬಣ್ಣ ಬಿಡುವುದರಿಂದ ಸುಲಭವಾಗಿ ಗುರುತಿಸಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯವನ್ನು 107 ಪೀಪಾಯಿಗಳಲ್ಲಿ ತುಂಬಿ ನವೆಂಬರ್ 6ರಂದು ಕಾಲುವೆಗೆ ಸುರಿಯಲಾಯಿತು. ಡಿಸೆಂಬರ್ 4ರಂದು ಸೇಂಟ್ ಲೂಯಿಸ್ ನಗರವು ನೀರೆತ್ತುವ ಗೋಪುರದ ಬಳಿ ಅದೇ ಜಾತಿಯ ಒಂದು ಬ್ಯಾಕ್ಟೀರಿಯ ಸಿಕ್ಕಿತು. ಮುಂದಿನ ಮೂರು ದಿನಗಳಲ್ಲಿ ಬೇರೆ ಬೇರೆ ಕಡೆ ಇನ್ನೂ ನಾಲ್ಕು ಸಿಕ್ಕವು.

ಮಿಸೌರಿಗೆ ಇದು ಸಾಕ್ಷಿಯಾಗಿತ್ತು. ಮೇಲೆ ಸುರಿದದ್ದು ಕೆಳಗೆ ಬಂದಿದೆ, ಇನ್ನೇನು ಬೇಕು? ಆದರೆ 1906ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಅಷ್ಟಕ್ಕೆ ಒಪ್ಪಲಿಲ್ಲ. ನೀರಿನಲ್ಲಿ ಕಣ್ಣಿಗೆ ಕಾಣುವ ಹೊಲಸು ಹೆಚ್ಚಿಲ್ಲ, ಹೊಸ ದುರ್ವಾಸನೆಯಿಲ್ಲ, ಬದಲಿಗೆ ಸರೋವರದ ನೀರು ಸೇರಿ ಇಲಿನಾಯ್ ನದಿ ಮೊದಲಿಗಿಂತ ತಿಳಿಯಾಗಿದೆ, ಮಿಸೌರಿಯ ವಾದವೆಲ್ಲ ಕಾಣದ್ದರ ಮೇಲಿನ ಊಹೆಯಾಗಿದೆ ಎಂಬ ಅರ್ಥದಲ್ಲಿ ಅವರು ಬರೆದರು. ಸೇಂಟ್ ಲೂಯಿಸ್‌ನ ಮೇಲ್ಭಾಗದಲ್ಲಿರುವ ಮಿಸೌರಿಯದೇ ಊರುಗಳೂ ನದಿಗೆ ಕೊಳಚೆ ಬಿಡುತ್ತಿವೆಯಲ್ಲ ಎಂದೂ ನೆನಪಿಸಿದರು. ದಾವೆ ವಜಾ ಆಯಿತು.

ಆ ತೀರ್ಪು ತಪ್ಪೆಂದು ಸುಲಭವಾಗಿ ಹೇಳಲಾಗದು. ಒಂದು ರಾಜ್ಯದ ಮೇಲೆ ಇನ್ನೊಂದು ರಾಜ್ಯ ಆರೋಪ ಹೊರಿಸುವಾಗ ಬಲವಾದ ಸಾಕ್ಷ್ಯ ಕೇಳುವುದು ನ್ಯಾಯಾಲಯದ ಕರ್ತವ್ಯ. ಆದರೆ ಸಂಶಯದ ಲಾಭ ಯಾವಾಗಲೂ ಈಗಾಗಲೇ ಹರಿಯುತ್ತಿರುವ ನೀರಿಗೇ ಸಿಗುತ್ತದೆ ಎಂಬುದನ್ನೂ ಗಮನಿಸಬೇಕು. ಒಡ್ಡು ಕಡಿದವರು ಜನವರಿ 2ರಂದು ಮಾಡಿದ ಲೆಕ್ಕ ಸರಿಯಾಗಿಯೇ ಇತ್ತು.

ಕರೆದು ತಂದ ಅತಿಥಿ

ಕಾಲುವೆ ಬರೀ ಕೊಳಚೆಯನ್ನು ಸಾಗಿಸಲಿಲ್ಲ. ಯುಗಯುಗಗಳಿಂದ ಬೇರೆ ಬೇರೆಯಾಗಿದ್ದ ಎರಡು ಜಲಲೋಕಗಳ ನಡುವೆ ಅದು ಬಾಗಿಲಾಯಿತು. ಆರಂಭದ ದಶಕಗಳಲ್ಲಿ ಕಾಲುವೆಯ ನೀರು ಎಷ್ಟು ಕೆಟ್ಟದಾಗಿತ್ತೆಂದರೆ ಮೀನುಗಳು ಅದರಲ್ಲಿ ಈಜಿ ದಾಟುವಂತಿರಲಿಲ್ಲ. ಹೊಲಸೇ ಕಾವಲುಗಾರನಾಗಿತ್ತು. 1970ರ ದಶಕದ ನಂತರ ಮಾಲಿನ್ಯ ನಿಯಂತ್ರಣ ಕಾನೂನುಗಳು ಬಂದು ನೀರು ಶುದ್ಧವಾಗತೊಡಗಿದಾಗ ಬಾಗಿಲು ನಿಜವಾಗಿ ತೆರೆಯಿತು.

ಅದೇ ಹೊತ್ತಿಗೆ ದಕ್ಷಿಣದಲ್ಲಿ ಇನ್ನೊಂದು ಕಥೆ ನಡೆದಿತ್ತು. ಕೀಟನಾಶಕಗಳ ಅಪಾಯದ ಬಗ್ಗೆ ರೇಚಲ್ ಕಾರ್ಸನ್‌ರ ಪುಸ್ತಕ ಬಂದದ್ದು 1962ರಲ್ಲಿ. ವಿಷ ಹಾಕದೆ ಕೊಳದ ಕಳೆ ತೆಗೆಯುವ ದಾರಿ ಯಾವುದೆಂದು ಎಲ್ಲರೂ ಹುಡುಕುತ್ತಿದ್ದ ಕಾಲ. 1963ರಲ್ಲಿ ಅಮೆರಿಕದ ಮೀನು ಸಂಶೋಧನಾ ಕೇಂದ್ರಗಳು ಏಷ್ಯಾದಿಂದ ಹುಲ್ಲುಗೆಂಡೆ ಮೀನನ್ನು ತರಿಸಿದವು. 1970ರ ದಶಕದ ಆರಂಭದಲ್ಲಿ ಬೆಳ್ಳಿಗೆಂಡೆ ಮತ್ತು ದೊಡ್ಡತಲೆ ಗೆಂಡೆ ಅರ್ಕನ್ಸಾ ರಾಜ್ಯಕ್ಕೆ ಬಂದವು. ಇವೆರಡೂ ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿ, ಸೂಕ್ಷ್ಮಜೀವಿಗಳನ್ನು ತಿನ್ನುತ್ತವೆ. ಮೀನು ಸಾಕಣೆಯ ಕೊಳಗಳನ್ನೂ ಕೊಳಚೆ ಶುದ್ಧೀಕರಣದ ಹೊಂಡಗಳನ್ನೂ ಇವು ಸ್ವಚ್ಛಗೊಳಿಸುತ್ತವೆಂಬ ನಿರೀಕ್ಷೆಯಿತ್ತು. ಉದ್ದೇಶ ಒಳ್ಳೆಯದೇ ಆಗಿತ್ತು.

ಆದರೆ ಕೊಳಗಳಿಗೆ ನೆರೆ ಬಂತು, ಕಟ್ಟೆಗಳು ಒಡೆದವು, ಕೆಲವು ಮೀನುಗಳು ಹೊಳೆ ಸೇರಿದವು. ಒಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆಯಿಡುತ್ತದೆ. 1990ರ ದಶಕದ ಹೊತ್ತಿಗೆ ಇಲಿನಾಯ್ ನದಿಯ ಹಲವೆಡೆ ಬಲೆ ಎಳೆದರೆ ಇವೇ ಬರತೊಡಗಿದವು. ಮೋಟಾರು ದೋಣಿಯ ಸದ್ದಿಗೆ ಬೆದರಿ ಬೆಳ್ಳಿಗೆಂಡೆಗಳು ನೀರಿನಿಂದ ಮೇಲಕ್ಕೆ ಚಿಮ್ಮಿ ದೋಣಿಯಲ್ಲಿದ್ದವರ ಮುಖಕ್ಕೆ ಬಡಿಯುವ ದೃಶ್ಯಗಳನ್ನು ಹಲವರು ಟಿವಿಯಲ್ಲಿ ನೋಡಿರಬಹುದು. ನಿಜವಾದ ಹಾನಿ ನೀರಿನೊಳಗೆ ನಡೆಯುತ್ತದೆ. ಎಲ್ಲ ಮೀನುಮರಿಗಳ ಮೊದಲ ಆಹಾರವನ್ನೇ ಇವು ಸೋಸಿ ಮುಗಿಸುತ್ತವೆ. ಮಹಾ ಸರೋವರಗಳ ಮೀನುಗಾರಿಕೆಯ ವಾರ್ಷಿಕ ಮೌಲ್ಯವನ್ನು ಸುಮಾರು 700 ಕೋಟಿ ಡಾಲರ್ ಎಂದು ಅಂದಾಜು ಮಾಡುತ್ತಾರೆ. ಅದನ್ನೇ ನಂಬಿದ ಕುಟುಂಬಗಳಿಗೆ ದಕ್ಷಿಣದಿಂದ ಬರುತ್ತಿದ್ದ ಈ ಸುದ್ದಿ ಭೀತಿ ಹುಟ್ಟಿಸಿತು.

ಕಾಲುವೆಯಲ್ಲಿ ಸರೋವರದಿಂದ ಸುಮಾರು 60 ಕಿಲೋಮೀಟರ್ ಕೆಳಗೆ, ರೋಮಿಯೋವಿಲ್ ಎಂಬಲ್ಲಿ ನೀರಿನೊಳಗೆ ವಿದ್ಯುತ್ ಹರಿಸಿ ಮೀನುಗಳನ್ನು ಹಿಮ್ಮೆಟ್ಟಿಸುವ ತಡೆಯೊಂದನ್ನು ಸೇನೆಯ ಎಂಜಿನಿಯರಿಂಗ್ ದಳ ನಿರ್ಮಿಸಿತು. ಇದಕ್ಕೆ 1996ರಲ್ಲೇ ಮಂಜೂರಾತಿ ಸಿಕ್ಕಿತ್ತು. ಆಗ ಉದ್ದೇಶವಿದ್ದದ್ದು ಸರೋವರದಿಂದ ಕೆಳಗೆ ಇಳಿಯುತ್ತಿದ್ದ ಗೋಬಿ ಎಂಬ ಪುಟ್ಟ ಪರದೇಶಿ ಮೀನನ್ನು ತಡೆಯುವುದು. ತಡೆ ಕೆಲಸ ಆರಂಭಿಸಿದ್ದು 2002ರಲ್ಲಿ. ಅಷ್ಟರಲ್ಲಿ ಗೋಬಿ ದಾಟಿ ಹೋಗಿ ಮೂರು ವರ್ಷವಾಗಿತ್ತು. ಹೀಗೆ ಹೋಗುವವನಿಗಾಗಿ ಹಾಕಿದ ಬೇಲಿಯನ್ನು ಬರುವವನಿಗಾಗಿ ಕಾಯುವಂತಾಯಿತು.

ಎರಡು ಲೀಟರ್ ನೀರು

ಬೇಲಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ವಿಶಾಲವಾದ, ಆಳವಾದ ಕಾಲುವೆಯಲ್ಲಿ ಹತ್ತಿಪ್ಪತ್ತು ಮೀನುಗಳಿದ್ದರೆ ಬಲೆಗೆ ಸಿಗುವ ಸಂಭವ ತೀರಾ ಕಡಿಮೆ. ಸಿಗುವಷ್ಟು ಹೆಚ್ಚಾದ ಮೇಲೆ ತಡೆಯುವ ಕಾಲ ಮೀರಿರುತ್ತದೆ.

ಇದಕ್ಕೆ ಪರಿಹಾರ ಅನಿರೀಕ್ಷಿತ ದಿಕ್ಕಿನಿಂದ ಬಂತು. ಪ್ರತಿಯೊಂದು ಜೀವಿಯೂ ತಾನಿರುವ ಜಾಗದಲ್ಲಿ ತನ್ನ ಕುರುಹನ್ನು ಬಿಡುತ್ತದೆ. ಮೀನಿನ ಮೈಯ ಲೋಳೆ, ಉದುರುವ ಚರ್ಮಕೋಶಗಳು, ಮಲಮೂತ್ರ ಎಲ್ಲದರಲ್ಲೂ ಅದರ ಡಿಎನ್ಎ ಇರುತ್ತದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಡಿಎನ್ಎಯನ್ನು ನೇರವಾಗಿ ಬೇರ್ಪಡಿಸುವ ವಿಧಾನವನ್ನು ವಿಜ್ಞಾನಿಗಳು 1987ರಲ್ಲೇ ಪ್ರಕಟಿಸಿದ್ದರು. 2008ರಲ್ಲಿ ಫ್ರಾನ್ಸಿನ ಸಂಶೋಧಕರು ಕೊಳಗಳ ನೀರನ್ನಷ್ಟೇ ಪರೀಕ್ಷಿಸಿ, ಅಲ್ಲಿಗೆ ಹೊರಗಿನಿಂದ ಬಂದ ಅಮೆರಿಕದ ಗೂಳಿಕಪ್ಪೆ ಇದೆಯೋ ಇಲ್ಲವೋ ಎಂದು ಹೇಳಿ ತೋರಿಸಿದರು. ಇಂಥ ಕುರುಹನ್ನು ‘ಪರಿಸರ ಡಿಎನ್ಎ’ ಎಂದು ಕರೆಯುತ್ತಾರೆ.

2009ರಲ್ಲಿ ಸೇನೆಯ ಎಂಜಿನಿಯರಿಂಗ್ ದಳದ ಕೋರಿಕೆಯ ಮೇರೆಗೆ ನೋತ್ರ್ ಡಾಮ್ ವಿಶ್ವವಿದ್ಯಾಲಯದ ಡೇವಿಡ್ ಲಾಜ್, ಕ್ರಿಸ್ಟೋಫರ್ ಜರ್ಡಿ, ಆಂಡ್ರ್ಯೂ ಮಾಹನ್ ಹಾಗೂ ಅವರೊಂದಿಗೆ ಲಿಂಡ್ಸೆ ಚಾಡರ್ಟನ್ ಈ ವಿಧಾನವನ್ನು ಚಿಕಾಗೋ ಕಾಲುವೆಗೆ ಅನ್ವಯಿಸಿದರು. ಕೆಲಸ ಹೇಳಲು ಸರಳ. ಎರಡು ಲೀಟರ್ ನೀರು ತುಂಬಿಸಿಕೊಳ್ಳಬೇಕು. ಅದನ್ನು ಅತಿ ಸೂಕ್ಷ್ಮ ಸೋಸುಕಾಗದದ ಮೂಲಕ ಹಾಯಿಸಬೇಕು. ಕಾಗದದ ಮೇಲೆ ಉಳಿದುದರಿಂದ ಡಿಎನ್ಎ ಬೇರ್ಪಡಿಸಬೇಕು. ನಂತರ ಪಿಸಿಆರ್ ವಿಧಾನದಿಂದ ಬೆಳ್ಳಿಗೆಂಡೆ ಅಥವಾ ದೊಡ್ಡತಲೆ ಗೆಂಡೆಗೆ ಮಾತ್ರ ಸೇರಿದ ತುಣುಕು ಅದರಲ್ಲಿದ್ದರೆ ಅದನ್ನು ಕೋಟಿಗಟ್ಟಲೆ ಪ್ರತಿಗಳಾಗಿ ಹೆಚ್ಚಿಸಿ ಗುರುತಿಸಬೇಕು. 2020ರ ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡ ಎಲ್ಲರಿಗೂ ಪಿಸಿಆರ್ ಹೆಸರು ಪರಿಚಿತ. ಎಚ್ಚರಿಕೆ ಮಾತ್ರ ಬಹಳ ಬೇಕು. ಹಿಂದಿನ ದಿನ ಮೀನು ಮುಟ್ಟಿದ ಕೈಗವಸು, ಸರಿಯಾಗಿ ತೊಳೆಯದ ಬಾಟಲಿ ಕೂಡ ಫಲಿತಾಂಶ ಕೆಡಿಸಬಹುದು. ಆದ್ದರಿಂದ ಪ್ರತಿ ಸಲವೂ ಶುದ್ಧ ನೀರಿನ ಬಾಟಲಿಗಳನ್ನೂ ಜತೆಗೆ ಒಯ್ದು ಅವನ್ನೂ ಪರೀಕ್ಷಿಸುತ್ತಾರೆ.

2009ರ ನವೆಂಬರ್‌ನಲ್ಲಿ ಫಲಿತಾಂಶ ಬಹಿರಂಗವಾಯಿತು. ವಿದ್ಯುತ್ ತಡೆಯ ಮೇಲ್ಭಾಗದಲ್ಲಿ, ಸರೋವರಕ್ಕೆ ಕೆಲವೇ ಮೈಲು ದೂರದಲ್ಲಿ ಈ ಮೀನುಗಳ ಡಿಎನ್ಎ ಸಿಕ್ಕಿತ್ತು. ಅಲ್ಲಿ ಯಾರ ಬಲೆಗೂ ಒಂದೂ ಮೀನು ಬಿದ್ದಿರಲಿಲ್ಲ.

ಡಿಸೆಂಬರ್ ಆರಂಭದಲ್ಲಿ ತಡೆಯ ದುರಸ್ತಿಗಾಗಿ ವಿದ್ಯುತ್ ನಿಲ್ಲಿಸಬೇಕಾಗಿತ್ತು. ಆ ಹೊತ್ತಿನಲ್ಲಿ ಮೀನು ನುಗ್ಗದಂತೆ ತಡೆಯ ಕೆಳಗೆ ಕಾಲುವೆಯ ಸುಮಾರು ಆರು ಮೈಲು ಉದ್ದಕ್ಕೆ ಮೀನು ಕೊಲ್ಲುವ ರೊಟೆನೋನ್ ವಿಷ ಹಾಕಲಾಯಿತು. ಸಾವಿರಾರು ಮೀನುಗಳು ಸತ್ತು ತೇಲಿದವು. ಆ ರಾಶಿಯಲ್ಲಿ ಸಿಕ್ಕ ದೊಡ್ಡತಲೆ ಗೆಂಡೆ ಒಂದೇ ಒಂದು.

ಒಂದು ಮೀನು ಸಿಕ್ಕಿದ್ದನ್ನು ಇಬ್ಬರೂ ತಮ್ಮ ತಮ್ಮ ಪರವಾಗಿ ಓದಿಕೊಂಡರು. ನೋಡಿ, ಮೀನು ಇತ್ತು ಎಂದರು ಒಂದು ಕಡೆಯವರು. ನೋಡಿ, ಇಷ್ಟು ಕೊಂದರೂ ಒಂದೇ ಸಿಕ್ಕಿದೆ ಎಂದರು ಇನ್ನೊಂದು ಕಡೆಯವರು.

ಎರಡು ಅಂಗಿಗಳು

ಸೂರಃ ಯೂಸುಫ್ ಓದಿದವರಿಗೆ ಎರಡು ಅಂಗಿಗಳ ಪ್ರಸಂಗ ನೆನಪಿರಬಹುದು. ಸೋದರರು ಯೂಸುಫ್(ಅ)ರನ್ನು ಬಾವಿಗೆ ತಳ್ಳಿ, ಅವರ ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದೆಯ ಮುಂದಿಟ್ಟರು. ತೋಳ ತಿಂದರೂ ಅಂಗಿ ಹರಿದಿರಲಿಲ್ಲ ಎಂಬುದನ್ನು ಯಾಕೂಬ್(ಅ) ಗಮನಿಸಿದರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮುಂದೆ ಈಜಿಪ್ಟಿನಲ್ಲಿ ಅದೇ ಯೂಸುಫ್(ಅ)ರ ಮೇಲೆ ಆರೋಪ ಬಂದಾಗ, ಹಿಂದಿನಿಂದ ಹರಿದಿದ್ದ ಅಂಗಿಯೇ ಅವರು ನಿರಪರಾಧಿ ಎಂದು ಸಾರಿತು. ಸಾಂದರ್ಭಿಕ ಸಾಕ್ಷ್ಯದ ಚರ್ಚೆಯಲ್ಲಿ ಫಿಕ್ಹ್ ಪಂಡಿತರು ಈ ಪ್ರಸಂಗವನ್ನು ಆಧಾರವಾಗಿ ತರುತ್ತಾರೆ. ಕುರುಹು ಸುಳ್ಳು ಹೇಳಬಹುದು, ಅದೇ ಕುರುಹು ಸತ್ಯವನ್ನೂ ಹೇಳಬಹುದು. ಅದನ್ನು ಓದುವವರ ಎಚ್ಚರವೇ ನಿರ್ಣಾಯಕ.

ಚಿಕಾಗೋದಲ್ಲಿ ನಡೆದ ವಾದವೂ ಇದೇ. ನೀರಿನಲ್ಲಿ ಡಿಎನ್ಎ ಇದೆ ಎಂದರೆ ಮೀನು ಬದುಕಿದೆಯೇ ಸತ್ತಿದೆಯೇ ಎಂದು ತಿಳಿಯದು. ಒಂದಿದೆಯೇ ನೂರಿದೆಯೇ ತಿಳಿಯದು. ನೀರಿನಲ್ಲಿ ಡಿಎನ್ಎ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಉಳಿಯುತ್ತದೆ. ಅಷ್ಟರಲ್ಲಿ ಹರಿವಿನೊಂದಿಗೆ ದೂರ ಸಾಗಿರಬಹುದು. ಕೆಳಗಿನ ನದಿಯಲ್ಲಿ ಮೀನು ತಿಂದ ಹಕ್ಕಿ ಮೇಲೆ ಬಂದು ಹಿಕ್ಕೆ ಹಾಕಿರಬಹುದು. ಸರಕು ಸಾಗಿಸುವ ದೋಣಿಗಳ ತಳಕ್ಕೆ ಲೋಳೆ ಅಂಟಿ ಬಂದಿರಬಹುದು. ಮೀನು ಮಾರುಕಟ್ಟೆಯ ಮಂಜುಗಡ್ಡೆ ಕರಗಿ ಚರಂಡಿ ಸೇರಿರಬಹುದು. ಇವೆಲ್ಲ ಬರೀ ಕುಂಟುನೆಪಗಳಲ್ಲ. ಈ ದಾರಿಗಳಿಂದಲೂ ಡಿಎನ್ಎ ಬರಬಲ್ಲದೆಂದು ಸರಕಾರಿ ಸಂಸ್ಥೆಗಳು ಮುಂದೆ ನಡೆಸಿದ ಅಧ್ಯಯನಗಳೇ ತೋರಿಸಿದವು. ಇದಕ್ಕೆ ವಿಜ್ಞಾನಿಗಳ ಉತ್ತರವೂ ತೂಕದ್ದೇ. ಎಲ್ಲೋ ಒಮ್ಮೆ ಸಿಕ್ಕರೆ ಹಕ್ಕಿಯ ಹಿಕ್ಕೆ ಇರಬಹುದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಸಿಕ್ಕರೆ, ಮೀನು ಹೆಚ್ಚಿರುವ ಕಡೆಗೆ ಹೋದಂತೆ ಹೆಚ್ಚು ಸಿಕ್ಕರೆ, ಅತ್ಯಂತ ಸರಳವಾದ ವಿವರಣೆ ಮೀನೇ.

ಮತ್ತೆ ಅದೇ ನ್ಯಾಯಾಲಯ

2009ರ ಡಿಸೆಂಬರ್ 21ರಂದು ಮಿಶಿಗನ್ ರಾಜ್ಯ ಸುಪ್ರೀಂ ಕೋರ್ಟಿನ ಕದ ತಟ್ಟಿತು. ಕಾಲುವೆಯಿಂದ ಸರೋವರಕ್ಕೆ ಇರುವ ಬಾಗಿಲುಗಳನ್ನು ತಕ್ಷಣ ಮುಚ್ಚಬೇಕೆಂದು ಬೇಡಿತು. ಚಿಕಾಗೋ ಕಾಲುವೆ ಸರೋವರದ ನೀರನ್ನು ಕದಿಯುತ್ತಿದೆ ಎಂದು 1920ರ ದಶಕದಲ್ಲಿ ನಡೆದಿದ್ದ ಹಳೆಯ ಮೊಕದ್ದಮೆಯನ್ನೇ ಮತ್ತೆ ತೆರೆಯುವಂತೆ ಕೋರಿತು. ಇಲಿನಾಯ್ ರಾಜ್ಯವೂ ಕೇಂದ್ರ ಸರಕಾರವೂ ವಿರೋಧಿಸಿದವು. ಬಾಗಿಲು ಮುಚ್ಚಿದರೆ ಸರಕು ಸಾಗಣೆ ನಿಲ್ಲುತ್ತದೆ, ಮಳೆಗಾಲದಲ್ಲಿ ನಗರಕ್ಕೆ ನೆರೆ ಬರುತ್ತದೆ, ಇಷ್ಟಕ್ಕೂ ಮೀನೆಲ್ಲಿ ಎಂದು ಕೇಳಿದವು.

2010ರ ಜನವರಿ 19ರಂದು ನ್ಯಾಯಾಲಯ ಕಾರಣ ನೀಡದೆ ಒಂದೇ ವಾಕ್ಯದಲ್ಲಿ ತಡೆಯಾಜ್ಞೆ ನಿರಾಕರಿಸಿತು. ಅಂದೇ, ಕೆಲವು ಗಂಟೆಗಳ ನಂತರ, ಬೆಳ್ಳಿಗೆಂಡೆಯ ಡಿಎನ್ಎ ಮಿಶಿಗನ್ ಸರೋವರದ ಕ್ಯಾಲುಮೆಟ್ ಬಂದರಿನಲ್ಲೇ ಸಿಕ್ಕಿದೆ ಎಂದು ಎಂಜಿನಿಯರಿಂಗ್ ದಳ ಪ್ರಕಟಿಸಿತು. ಏಪ್ರಿಲ್‌ನಲ್ಲಿ ಹಳೆಯ ಮೊಕದ್ದಮೆ ತೆರೆಯಲೂ ನ್ಯಾಯಾಲಯ ಒಪ್ಪಲಿಲ್ಲ. ಎರಡು ತಿಂಗಳು ಕಳೆಯಿತು. ಜೂನ್ 22ರಂದು, ತಡೆಯಿಂದ ಬಹಳ ಮೇಲೆ, ಸರೋವರದಿಂದ ಸುಮಾರು 10 ಕಿಲೋಮೀಟರ್ ದೂರದ ಕ್ಯಾಲುಮೆಟ್ ಕೆರೆಯಲ್ಲಿ ಮೀನುಗಾರನ ಬಲೆಗೆ ಸುಮಾರು 9 ಕಿಲೋ ತೂಕದ ಜೀವಂತ ದೊಡ್ಡತಲೆ ಗೆಂಡೆ ಬಿತ್ತು.

ನೀರಿನ ಸಾಕ್ಷಿ ಗೆದ್ದಿತೇ? ಅಷ್ಟು ಸರಳವಲ್ಲ. ಆ ಮೀನಿನ ಕಿವಿಯ ಎಲುಬಿನ ರಾಸಾಯನಿಕ ಪರೀಕ್ಷೆ ನಡೆಸಿದವರು, ಅದನ್ನು ಯಾರೋ ಮನುಷ್ಯರೇ ಆ ಕೆರೆಗೆ ಬಿಟ್ಟಿರಲೂಬಹುದು ಎಂದರು. ಕೆಳಗಿನ ನ್ಯಾಯಾಲಯಗಳಲ್ಲಿ ಐದು ರಾಜ್ಯಗಳು ಹೋರಾಟ ಮುಂದುವರಿಸಿದವು. 2011ರಲ್ಲಿ ಮೇಲ್ಮನವಿ ನ್ಯಾಯಾಲಯವು ಮೀನು ಸರೋವರ ಸೇರಿದರೆ ಆಗುವ ಹಾನಿ ಗಂಭೀರವಾದುದೆಂದು ಒಪ್ಪಿತು. ಆದರೆ ಸರಕಾರಿ ಇಲಾಖೆಗಳೇ ತಡೆಯಲು ಪ್ರಯತ್ನಿಸುತ್ತಿರುವುದರಿಂದ ಬಾಗಿಲು ಮುಚ್ಚಿಸಲು ನಿರಾಕರಿಸಿತು. 1906ರಂತೆಯೇ ಈ ಸಲವೂ ಹರಿಯುವ ನೀರು ಹರಿಯುತ್ತಲೇ ಇತ್ತು.

ಆದರೂ ಒಂದು ದೊಡ್ಡ ವ್ಯತ್ಯಾಸವಿದೆ. 1906ರಲ್ಲಿ ಕಾಣದ್ದರ ಸಾಕ್ಷಿಯನ್ನು ಬದಿಗಿಟ್ಟು ಎಲ್ಲರೂ ಮನೆಗೆ ಹೋದರು. ಈ ಸಲ ಹಾಗಾಗಲಿಲ್ಲ. ನ್ಯಾಯಾಲಯ ಆಜ್ಞೆ ನೀಡದಿದ್ದರೂ ನೀರಿನ ಪರೀಕ್ಷೆ ನಿತ್ಯದ ಕಾವಲಾಯಿತು. 2013ರಿಂದ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ ಇದನ್ನು ವಹಿಸಿಕೊಂಡಿದೆ. ಕುರುಹು ಸಿಕ್ಕಲ್ಲಿ ಬಲೆ ಹಿಡಿದು ಹುಡುಕುತ್ತಾರೆ. ಕೆಳಗಿನ ನದಿಯಲ್ಲಿ ಮೀನುಗಾರರಿಗೆ ಹಣ ಕೊಟ್ಟು ಈ ಮೀನುಗಳನ್ನು ಹಿಡಿಸುತ್ತಾರೆ. 2017ರಲ್ಲಿ ಸರೋವರದಿಂದ ಸುಮಾರು 14 ಕಿಲೋಮೀಟರ್ ದೂರದಲ್ಲಿ ಒಂದು ಬೆಳ್ಳಿಗೆಂಡೆ, 2022ರಲ್ಲಿ ಕ್ಯಾಲುಮೆಟ್ ಕೆರೆಯಲ್ಲಿ ಇನ್ನೊಂದು ಸಿಕ್ಕವು. ಆದರೆ ಈ ಎರಡು ಜಾತಿಗಳು ಮಹಾ ಸರೋವರಗಳಲ್ಲಿ ಇನ್ನೂ ನೆಲೆಯೂರಿಲ್ಲ. 2024ರಲ್ಲಿ ಜೋಲಿಯೆಟ್ ಬಳಿ ನೂರು ಕೋಟಿ ಡಾಲರಿಗೂ ಹೆಚ್ಚು ವೆಚ್ಚದ ಹೊಸ ತಡೆಗೆ ಇಲಿನಾಯ್ ಮತ್ತು ಮಿಶಿಗನ್ ರಾಜ್ಯಗಳು ಕೇಂದ್ರದೊಂದಿಗೆ ಒಪ್ಪಂದ ಮಾಡಿಕೊಂಡವು. ನ್ಯಾಯಾಲಯದಲ್ಲಿ ಎದುರಾಳಿಗಳಾಗಿದ್ದ ಎರಡು ರಾಜ್ಯಗಳನ್ನು ಒಂದೇ ಕಾಗದಕ್ಕೆ ಸಹಿ ಹಾಕಿಸಿದ್ದರಲ್ಲಿ ಆ ಎರಡು ಲೀಟರ್ ನೀರಿನ ಪಾಲೂ ಇದೆ.

ಹೆಸರಿನಲ್ಲಿ ಏನಿದೆ

ಈ ಮೀನುಗಳನ್ನು ಅಮೆರಿಕದಲ್ಲಿ ಬಹಳ ಕಾಲ ‘ಏಷ್ಯನ್ ಕಾರ್ಪ್’ ಎನ್ನುತ್ತಿದ್ದರು. ಏಷ್ಯನ್ನರು ನುಗ್ಗುತ್ತಿದ್ದಾರೆ, ಏಷ್ಯನ್ನರನ್ನು ತಡೆಯಿರಿ, ಏಷ್ಯನ್ನರನ್ನು ಕೊಲ್ಲಿರಿ ಎಂಬ ಧ್ವನಿ ಬರುವ ಶೀರ್ಷಿಕೆಗಳು ಅಲ್ಲಿನ ಏಷ್ಯಾ ಮೂಲದ ಜನರ ಕಿವಿಗೆ ಹೇಗೆ ಕೇಳಿಸಿರಬಹುದೆಂದು ನಮ್ಮಂಥವರಿಗೆ ವಿವರಿಸಬೇಕಾಗಿಲ್ಲ. 2014ರಲ್ಲಿ ಮಿನೆಸೋಟ ರಾಜ್ಯದ ಸೆನೆಟ್ ಈ ಹೆಸರನ್ನು ಬದಲಿಸಲು ಮುಂದಾಯಿತು. ಕೊರೋನಾ ಕಾಲದಲ್ಲಿ ಏಷ್ಯನ್ನರ ಮೇಲೆ ಹಲ್ಲೆಗಳು ಹೆಚ್ಚಿದ ನಂತರ, 2021ರಲ್ಲಿ ಮೀನು ಮತ್ತು ವನ್ಯಜೀವಿ ಸೇವೆಯೂ ಆ ಹೆಸರನ್ನು ಕೈಬಿಟ್ಟಿತು. ಮೀನು ತಾನಾಗಿ ಸಾಗರ ದಾಟಿ ಬಂದಿರಲಿಲ್ಲ. ವಿಮಾನದಲ್ಲಿ ಕರೆಸಿಕೊಂಡವರು, ಕೊಳದಲ್ಲಿ ಸಾಕಿದವರು, ಕಟ್ಟೆ ಗಟ್ಟಿ ಮಾಡದೆ ಬಿಟ್ಟವರು, ಎರಡು ಜಲಗಳ ನಡುವಿನ ಏರನ್ನು ಕಡಿದವರು ಎಲ್ಲರೂ ಅಲ್ಲಿನವರೇ ಆಗಿದ್ದರು. ದೂರು ಮಾತ್ರ ಮೀನಿನ ಮೂಲದ ಊರಿನ ಮೇಲೆ ಬಿತ್ತು.

ನಮ್ಮ ಕೆರೆಗಳಲ್ಲಿ

ಈ ಮೀನುಗಳು ನಮಗೂ ಅಪರಿಚಿತವಲ್ಲ. ಬೆಳ್ಳಿಗೆಂಡೆ, ಹುಲ್ಲುಗೆಂಡೆ ಎಂಬ ಕನ್ನಡದ ಹೆಸರುಗಳು ನಮ್ಮ ಮೀನು ಸಾಕಣೆಗಾರರ ಬಾಯಲ್ಲಿವೆ. ಅಮೆರಿಕಕ್ಕಿಂತ ಮೊದಲೇ, 1959ರಲ್ಲಿ ಇವನ್ನು ಭಾರತಕ್ಕೆ ತಂದು ಒಡಿಶಾದ ಕಟಕ್‌ನಲ್ಲಿ ಸಾಕಲಾಯಿತು. ಕಾಟ್ಲಾ, ರೋಹುಗಳ ಜತೆ ಇವು ಬಡ ರೈತರ ಕೊಳಗಳಿಗೆ ಬಂದು ಅಗ್ಗದ ಪೌಷ್ಟಿಕ ಆಹಾರ ಒದಗಿಸಿವೆ ಎಂಬುದನ್ನು ಮರೆಯಬಾರದು. ಆದರೆ ಹಿಮಾಚಲದ ಗೋವಿಂದ ಸಾಗರ ಜಲಾಶಯಕ್ಕೆ 1971ರಲ್ಲಿ ಆಕಸ್ಮಿಕವಾಗಿ ಸೇರಿದ ಬೆಳ್ಳಿಗೆಂಡೆ, ಅಲ್ಲಿ ಕಾಟ್ಲಾವನ್ನು ಹಿಂದಕ್ಕೆ ತಳ್ಳಿ ತಾನೇ ತುಂಬಿಕೊಂಡಿತು. ಸಾಕಣೆಗೆ ನಿಷೇಧವಿದ್ದರೂ ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ಕೆರೆ ಹೊಳೆಗಳಲ್ಲಿ ಓಡಾಡುತ್ತಿದೆ.

ಕಾವೇರಿಯ ಕಥೆ ಇನ್ನೂ ವಿಷಾದಕರ. ಅಲ್ಲಿನ ಗೂನುಬೆನ್ನಿನ ಮಹಶೀರ್ ಒಂದು ಕಾಲದಲ್ಲಿ ಜಗತ್ತಿನ ಗಾಳಗಾರರನ್ನೆಲ್ಲ ಸೆಳೆದ ಮೀನು. ಮಹಶೀರ್ ಉಳಿಸುವ ಸದುದ್ದೇಶದಿಂದಲೇ ಹೊರಗಿನ ಇನ್ನೊಂದು ಜಾತಿಯ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ಬಿಟ್ಟರು. ಹೊಸದು ಹೆಚ್ಚಿತು, ಹಳೆಯದು ಕ್ಷೀಣಿಸಿತು. ಗೂನುಬೆನ್ನಿನ ಮೀನು ಯಾವ ಜಾತಿಗೆ ಸೇರಿದ್ದೆಂದು ವಿಜ್ಞಾನ ಖಚಿತವಾಗಿ ಹೇಳಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೆಸರು ಸಿಗುವ ಹೊತ್ತಿಗೆ ಮೀನೇ ವಿರಳವಾಗಿತ್ತು.

ಪರಿಸರ ಡಿಎನ್ಎ ಪರೀಕ್ಷೆ ಭಾರತಕ್ಕೂ ಬಂದಿದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಒಡಿಶಾದ ಚಿಲಿಕಾ ಸರೋವರದ ನೀರಿನಿಂದ ಅಲ್ಲಿನ ಜೀವರಾಶಿಯನ್ನು ಗುರುತಿಸುವ ಕೆಲಸ ಮಾಡಿದ್ದಾರೆ. ಕೊಡ ನೀರು ಹೊತ್ತು ತಂದು ಕೇಳಿದರೆ ನಮ್ಮ ಹೊಳೆಗಳೂ ಉತ್ತರ ಹೇಳಬಲ್ಲವು. ಯಾವ ಮೀನು ಬಂದಿದೆ, ಯಾವುದು ಇನ್ನೂ ಉಳಿದಿದೆ ಎಂಬ ಎರಡಕ್ಕೂ ಅದೇ ಪರೀಕ್ಷೆ ಸಾಕು.

ಚಿಕಾಗೋದ ಜನರಿಗೆ 1900ರಲ್ಲಿ ಅಂಥ ಪರೀಕ್ಷೆ ಇರಲಿಲ್ಲ. ಇದ್ದಿದ್ದರೂ ಒಡ್ಡು ಕಡಿಯುವವರು ಕಾಯುತ್ತಿದ್ದರೆಂಬ ಭರವಸೆಯಿಲ್ಲ. ನಮ್ಮ ಕೈಯಲ್ಲಿ ಪರೀಕ್ಷೆ ಇದೆ. ಹೊಸ ಮೀನುಮರಿಯನ್ನು ಹೊಳೆಗೆ ಬಿಡುವ ಮೊದಲು, ಒಂದು ನದಿಯನ್ನು ಇನ್ನೊಂದಕ್ಕೆ ಜೋಡಿಸುವ ಮೊದಲು ಎರಡು ಲೀಟರ್ ನೀರು ತೆಗೆದು ನೋಡುವಷ್ಟು ವ್ಯವಧಾನ ನಮಗಿದೆಯೇ ಎಂಬುದಷ್ಟೇ ಈಗಿನ ಪ್ರಶ್ನೆ.